ಒಳಗೆ ಬಿಡುವ ದೇಶ, ಇರಲು ಬಿಡುವ ದೇಶ: ರಷ್ಯಾ ತೊರೆದವರ ವೀಸಾ ಲೆಕ್ಕ

2022ರ ಸೆಪ್ಟೆಂಬರ್ 21ರಂದು ಪುಟಿನ್ 3 ಲಕ್ಷ ಜನರನ್ನು ಸೇನೆಗೆ ಕರೆಸುವ ಆದೇಶ ಹೊರಡಿಸಿದರು. ಒಂದೆರಡು ದಿನದಲ್ಲೇ ಜಾರ್ಜಿಯಾ ಗಡಿಯ ವೆರ್ಖ್ನಿ ಲಾರ್ಸ್ ಕಣಿವೆಯಲ್ಲಿ ಕಾರುಗಳ ಸಾಲು ಕಿಲೋಮೀಟರುಗಟ್ಟಲೆ ಬೆಳೆಯಿತು. ಆ ಗಡಿಯನ್ನು ನಡೆದುಕೊಂಡು ದಾಟುವ ಹಾಗಿರಲಿಲ್ಲ, ಚಕ್ರ ಇರುವ ಏನಾದರೊಂದು ಬೇಕಿತ್ತು. ಹಾಗಾಗಿ ಜನ ಕೇಳಿದಷ್ಟು ದುಡ್ಡು ಕೊಟ್ಟು ಸೈಕಲ್ ಕೊಂಡರು. ಕೆಲವರು ಕಾಲಲ್ಲಿ ತಳ್ಳುವ ಸ್ಕೂಟರ್ ಹಿಡಿದು ನಿಂತರು. ಆ ಕಡೆ ಹೋದವರಿಗೆ ಜಾರ್ಜಿಯಾ ವೀಸಾ ಕೇಳಲಿಲ್ಲ. ಒಂದು ವರ್ಷ ಇರಬಹುದು ಅಂತ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿತು.

ಉಕ್ರೇನ್ ಮೇಲೆ ಯುದ್ಧ ಶುರುವಾದ ಮೇಲೆ ರಷ್ಯಾ ಬಿಟ್ಟು ಹೋಗಿ ಹೊರಗೇ ಉಳಿದವರು ಕನಿಷ್ಠ ಆರೂವರೆ ಲಕ್ಷ ಅಂತ ಸ್ವತಂತ್ರ ರಷ್ಯನ್ ಪತ್ರಕರ್ತರು 2024ರಲ್ಲಿ ಅಂದಾಜು ಮಾಡಿದ್ದರು. ಇವರಲ್ಲಿ ಪ್ರೋಗ್ರಾಮರ್‌ಗಳಿದ್ದಾರೆ, ಪತ್ರಕರ್ತರಿದ್ದಾರೆ, ಬಂದೂಕು ಹಿಡಿಯಲು ಒಲ್ಲೆ ಅಂದ ಹುಡುಗರಿದ್ದಾರೆ, ಅವರ ಹಿಂದೆ ಹೊರಟ ಹೆಂಡತಿ ಮಕ್ಕಳಿದ್ದಾರೆ. ಗಡಿ ದಾಟುವುದು ಒಂದು ದಿನದ ಮಾತು. ಆಮೇಲೆ ಇರುವುದು ಹೇಗೆ ಅನ್ನುವುದು ವರ್ಷಗಟ್ಟಲೆ ಕಾಡುವ ಪ್ರಶ್ನೆ. ಯಾವ ದೇಶ ಸುಲಭವಾಗಿ ಒಳಗೆ ಬಿಟ್ಟಿತೋ ಅದು ಬಹಳ ಸಲ ಇರಲು ಹಕ್ಕು ಕೊಡಲಿಲ್ಲ. ಯಾವುದು ಹಕ್ಕು ಕೊಡುತ್ತದೋ ಅದರ ಬಾಗಿಲು ತಟ್ಟಲಿಕ್ಕೇ ಕಷ್ಟ. ಕಳೆದ ಕೆಲವು ವರ್ಷಗಳ ಅನುಭವವನ್ನು ಸಾಲಾಗಿ ಇಟ್ಟು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಹತ್ತಿರದ ದೇಶಗಳು. ಕಝಾಕಿಸ್ತಾನ, ಅರ್ಮೇನಿಯಾ, ಕಿರ್ಗಿಸ್ತಾನಗಳಿಗೆ ರಷ್ಯನ್ನರು ವಿದೇಶಿ ಪಾಸ್‌ಪೋರ್ಟ್ ಇಲ್ಲದೆಯೂ ಹೋಗಬಹುದು. ದೇಶದೊಳಗೆ ಬಳಸುವ ಗುರುತಿನ ಪಾಸ್‌ಪೋರ್ಟೇ ಸಾಕು. ಈ ಮೂರೂ ದೇಶಗಳು ರಷ್ಯಾದ ಜೊತೆ ಯುರೇಷಿಯನ್ ಆರ್ಥಿಕ ಒಕ್ಕೂಟದಲ್ಲಿವೆ. ಹಾಗಾಗಿ ಕೆಲಸ ಮಾಡಲು ಬೇರೆ ಪರವಾನಗಿ ಬೇಕಿಲ್ಲ. 2022ರಲ್ಲಿ ಇದು ದೊಡ್ಡ ಆಸರೆಯಾಯಿತು. ಕೈಯಲ್ಲಿ ಪಾಸ್‌ಪೋರ್ಟೇ ಇಲ್ಲದವರಿಗೆ ಬೇರೆ ದಾರಿ ಎಲ್ಲಿತ್ತು?

ಆದರೆ ಕಝಾಕಿಸ್ತಾನದಲ್ಲಿ ಆಗ ಒಂದು ರೂಢಿ ಇತ್ತು. 90 ದಿನ ಮುಗಿಯುತ್ತಾ ಬಂದಾಗ ಗಡಿಯಾಚೆ ಹೋಗಿ ವಾಪಸ್ ಬಂದರೆ ಲೆಕ್ಕ ಹೊಸದಾಗಿ ಶುರು. ರಷ್ಯನ್ನರು ಇದಕ್ಕೆ ‘ವೀಸಾ ರನ್’ ಅಂತಲೇ ಹೇಳುತ್ತಾರೆ. 2023ರ ಜನವರಿ 27ರಿಂದ ಕಝಾಕಿಸ್ತಾನ ಇದನ್ನು ನಿಲ್ಲಿಸಿತು. 180 ದಿನದಲ್ಲಿ 90 ದಿನ ಮಾತ್ರ, ಎಷ್ಟು ಸಲ ಹೊರಗೆ ಹೋಗಿ ಬಂದರೂ ಅಷ್ಟೇ. ಕೆಲಸದ ಒಪ್ಪಂದವೋ ಓದೋ ಇದ್ದವರು ಉಳಿದರು. ಸುಮ್ನೆ ದಿನ ಎಣಿಸುತ್ತಾ ಕೂತಿದ್ದವರು ಗಂಟುಮೂಟೆ ಕಟ್ಟಬೇಕಾಯಿತು.

ಅರ್ಮೇನಿಯಾ ಇದಕ್ಕಿಂತ ಮೆತ್ತಗಿದೆ. ವರ್ಷದಲ್ಲಿ 180 ದಿನ ವೀಸಾ ಇಲ್ಲದೆ ಇರಬಹುದು. ಕೆಲಸ ಅಥವಾ ಸ್ವಂತ ವ್ಯವಹಾರ ತೋರಿಸಿದರೆ ಒಂದು ವರ್ಷದ ರೆಸಿಡೆನ್ಸ್ ಪರ್ಮಿಟ್, ಮುಂದೆ ಐದು ವರ್ಷದ್ದೂ ಸಿಗುತ್ತದೆ. ಯೆರೆವಾನ್‌ನಲ್ಲಿ ರಷ್ಯನ್ ಭಾಷೆಯಲ್ಲೇ ಬದುಕು ಸಾಗುತ್ತದೆ. ಆದರೆ ಇಲ್ಲೊಂದು ಅಪಾಯ ಇದೆ. ವೀಸಾ ಸಲಹೆಗಾರರು ಹಂಚುವ ಪಟ್ಟಿಗಳಲ್ಲಿ ಅದರ ಸುಳಿವೇ ಇರುವುದಿಲ್ಲ. ಅರ್ಮೇನಿಯಾದ ಗ್ಯುಮ್ರಿ ನಗರದಲ್ಲಿ ರಷ್ಯಾದ 102ನೇ ಸೇನಾ ನೆಲೆ ಇದೆ. ಸೇನೆ ಬಿಟ್ಟು ಓಡಿಬಂದ ರಷ್ಯನ್ ಸೈನಿಕರನ್ನು ರಷ್ಯಾದ ಮಿಲಿಟರಿ ಪೊಲೀಸರೇ ಅಲ್ಲಿ ಹಿಡಿದ ಘಟನೆಗಳು 2023ರ ಕೊನೆಯಲ್ಲಿ ಮತ್ತು 2024ರಲ್ಲಿ ನಡೆದಿವೆ. ಕಝಾಕಿಸ್ತಾನವಂತೂ ಸೇನಾ ಕರೆಗೆ ಓಗೊಡದೆ ಗಡಿ ದಾಟಿ ಬಂದಿದ್ದ ರಷ್ಯನ್ ಅಧಿಕಾರಿಯೊಬ್ಬರನ್ನು 2022ರ ಡಿಸೆಂಬರ್ ಕೊನೆಗೆ ವಾಪಸ್ ಕಳಿಸಿತು. ಅವರಿಗೆ ರಷ್ಯಾದಲ್ಲಿ ಆರೂವರೆ ವರ್ಷ ಜೈಲು ಶಿಕ್ಷೆ ಆಯಿತು. ಮನೆಯಿಂದ ಕೂತು ಕೋಡ್ ಬರೆಯುವವರಿಗೆ ಅರ್ಮೇನಿಯಾ ಒಳ್ಳೆಯ ಜಾಗ. ಮೊಕದ್ದಮೆ ಎದುರಿಸುತ್ತಿರುವವರಿಗೆ ಅಲ್ಲ. ವೀಸಾದ ಹೆಸರು ಒಂದೇ ಇರಬಹುದು, ಅದರ ಬೆಲೆ ಹಿಡಿದವರ ಮೇಲೆ ಬದಲಾಗುತ್ತದೆ.

ಜಾರ್ಜಿಯಾದ ಕತೆಯೂ ಹೀಗೇ. ಒಂದು ವರ್ಷ ವೀಸಾ ಬೇಡ, ಸಣ್ಣ ವ್ಯವಹಾರ ಅಂತ ನೋಂದಾಯಿಸಿಕೊಂಡರೆ ವರ್ಷಕ್ಕೆ 5 ಲಕ್ಷ ಲಾರಿ (ಅದು ಅಲ್ಲಿನ ಹಣ) ವರೆಗಿನ ವಹಿವಾಟಿಗೆ ಬರೀ 1% ತೆರಿಗೆ. ಫ್ರೀಲಾನ್ಸ್ ಮಾಡುವವರಿಗೆ ಇನ್ನೇನು ಬೇಕು? ಆದರೆ ಇದು ವೀಸಾ ಅಲ್ಲ, ರೆಸಿಡೆನ್ಸ್ ಪರ್ಮಿಟ್ ಅಲ್ಲ. ಗಡಿಯಲ್ಲಿ ಕೂತ ಅಧಿಕಾರಿ ಒಳಗೆ ಬಿಡುವುದಿಲ್ಲ ಅಂದರೆ ಮುಗಿಯಿತು. ಟ್ಬಿಲಿಸಿಯಲ್ಲಿ ಮನೆ ಮಾಡಿ, ಸಾಮಾನೆಲ್ಲ ಅಲ್ಲೇ ಬಿಟ್ಟು ಪ್ರವಾಸಕ್ಕೆ ಹೋದ ಹಲವು ರಷ್ಯನ್ ಪತ್ರಕರ್ತರು, ಹೋರಾಟಗಾರರು ವಾಪಸ್ ಬರಲಾಗದೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಕೊಂಡರು. ಕಾರಣವನ್ನೂ ಯಾರೂ ಹೇಳಲಿಲ್ಲ. 2025ರಲ್ಲಿ ಜಾರ್ಜಿಯಾ ಇನ್ನೊಂದು ಕಾನೂನು ಮಾಡಿತು. 2026ರ ಮಾರ್ಚ್ 1ರಿಂದ ವಿದೇಶಿಯರು ಕೆಲಸಕ್ಕೂ ಸ್ವಂತ ವ್ಯವಹಾರಕ್ಕೂ ಪರವಾನಗಿ ಪಡೆಯಬೇಕು ಎಂಬುದು ಅದರ ಸಾರ.

ಟರ್ಕಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಅಲ್ಲಿ ಕೈಯಲ್ಲಿ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇದ್ದವರೂ ಬೀದಿಗೆ ಬಿದ್ದರು. 2022ರಲ್ಲಿ ಟರ್ಕಿಗೆ ವಿಮಾನಗಳು ಹಾರುತ್ತಲೇ ಇದ್ದವು. ಮನೆ ಬಾಡಿಗೆ ಕರಾರು ಮತ್ತು ಆರೋಗ್ಯ ವಿಮೆ ತೋರಿಸಿದರೆ ಪ್ರವಾಸಿ ಹೆಸರಲ್ಲೇ ವರ್ಷದ ಪರ್ಮಿಟ್ ಸಿಗುತ್ತಿತ್ತು. ಅಂಟಾಲ್ಯದ ಕೆಲವು ಬಡಾವಣೆಗಳಲ್ಲಿ ಅಂಗಡಿ ಬೋರ್ಡುಗಳೂ ರಷ್ಯನ್ ಆದವು. ವರ್ಷದ ಕೊನೆಗೆ ಪರ್ಮಿಟ್ ಹಿಡಿದ ರಷ್ಯನ್ನರ ಸಂಖ್ಯೆ ಒಂದೂವರೆ ಲಕ್ಷ ಮುಟ್ಟಿತ್ತು. ಬಾಡಿಗೆ ಏರಿತು. ಸ್ಥಳೀಯರಿಗೆ ಮನೆ ಸಿಗದೆ ಸಿಟ್ಟು ಬಂತು. ಅದು ತಪ್ಪೂ ಅಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ. ವಿದೇಶಿಯರು ಶೇಕಡಾ 20 ದಾಟಿದ ಸಾವಿರಕ್ಕೂ ಜಾಸ್ತಿ ಬಡಾವಣೆಗಳಲ್ಲಿ ಹೊಸ ಪರ್ಮಿಟ್ ಕೊಡುವುದಿಲ್ಲ ಅಂತ ಟರ್ಕಿ ಸರ್ಕಾರ ಮುಚ್ಚಿಬಿಟ್ಟಿತು. ಆಮೇಲೆ ಪ್ರವಾಸಿ ಪರ್ಮಿಟ್‌ಗಳ ನವೀಕರಣ ಅರ್ಜಿಗಳು ರಾಶಿ ರಾಶಿ ತಿರಸ್ಕೃತವಾದವು. ಮಕ್ಕಳನ್ನು ಶಾಲೆಗೆ ಸೇರಿಸಿದ್ದ ಕುಟುಂಬಗಳಿಗೂ ಹೊರಡಿ ಅನ್ನುವ ಉತ್ತರ ಬಂತು. ಆಸ್ತಿ ಕೊಂಡು ಪರ್ಮಿಟ್ ಪಡೆಯುವ ದಾರಿಗೆ 2023ರ ಅಕ್ಟೋಬರ್‌ನಿಂದ ಕನಿಷ್ಠ 2 ಲಕ್ಷ ಡಾಲರ್ ಮಿತಿ ಬಂತು. ಎರಡು ವರ್ಷದಲ್ಲಿ ಪರ್ಮಿಟ್ ಇದ್ದವರ ಸಂಖ್ಯೆ ಒಂದು ಲಕ್ಷದ ಕೆಳಗೆ ಇಳಿಯಿತು.

ಪ್ರವಾಸಿ ಅನ್ನುವ ಆಧಾರದ ಮೇಲೆ ಬದುಕು ಕಟ್ಟುವುದು ಎಂದೂ ಗಟ್ಟಿಯಲ್ಲ. ಕೆಲಸ, ವ್ಯವಹಾರ, ಓದು, ಕುಟುಂಬ, ಇವುಗಳ ಮೇಲೆ ಬಂದ ಪರವಾನಗಿ ಮಾತ್ರ ಸ್ವಲ್ಪ ತಾಳುತ್ತದೆ.

ಸರ್ಬಿಯಾದಲ್ಲಿ ನೆಲೆ ನಿಂತವರು ಇದನ್ನು ಬೇಗ ಅರಿತರು. ಅಲ್ಲಿ ರಷ್ಯನ್ನರಿಗೆ ವೀಸಾ ಇಲ್ಲದೆ 30 ದಿನ. ಮಾಸ್ಕೋದಿಂದ ಬೆಲ್‌ಗ್ರೇಡ್‌ಗೆ ನೇರ ವಿಮಾನ ಇದೆ. ಬಂದ 24 ಗಂಟೆಯೊಳಗೆ ಎಲ್ಲಿ ಇದ್ದೀರಿ ಅಂತ ಪೊಲೀಸರಲ್ಲಿ ನೋಂದಾಯಿಸಬೇಕು. ಆಗ ಸಿಗುವ ಚೀಟಿಗೆ ‘ಬೇಲಿ ಕಾರ್ಟೋನ್’ ಅನ್ನುತ್ತಾರೆ. ಹೋಟೆಲಿನಲ್ಲಿ ಇಳಿದರೆ ಅವರೇ ಮಾಡಿಕೊಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರು ಮಾಡಿಸಬೇಕು. ತೆರಿಗೆಯವರ ಕಣ್ಣಿಗೆ ಬೀಳಬಾರದು ಅಂತ ಎಷ್ಟೋ ಮಾಲೀಕರು ಒಪ್ಪುವುದಿಲ್ಲ. ಈ ಒಂದು ಚೀಟಿ ಇಲ್ಲದಿದ್ದರೆ ಮುಂದಿನ ಅರ್ಜಿ ಮುಂದೆ ಹೋಗುವುದೇ ಇಲ್ಲ. ಹಾಗಾಗಿ ಅನುಭವ ಇದ್ದವರು ಮನೆ ನೋಡುವಾಗ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಬೇಲಿ ಕಾರ್ಟೋನ್ ಮಾಡಿಸಿಕೊಡ್ತೀರಾ ಅಂತ ಕೇಳುತ್ತಾರೆ. ಆಮೇಲೆ ಸ್ವಂತ ಉದ್ಯಮಿ ಅಂತಲೋ ಸಣ್ಣ ಕಂಪನಿ ತೆರೆದೋ ತಾತ್ಕಾಲಿಕ ಪರ್ಮಿಟ್‌ಗೆ ಅರ್ಜಿ. 2023ರ ತಿದ್ದುಪಡಿಯ ನಂತರ ಇದು ಮೂರು ವರ್ಷದವರೆಗೂ ಸಿಗುತ್ತದೆ. ಹಾಗೆ ಮೂರು ವರ್ಷ ಕಳೆದವರು ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಮೊದಲು ಐದು ವರ್ಷ ಕಾಯಬೇಕಿತ್ತು.

ಸರ್ಬಿಯಾ ಯುರೋಪಿಯನ್ ಒಕ್ಕೂಟ ಸೇರಲು ಕಾಯುತ್ತಿರುವ ದೇಶ. ಸೇರಬೇಕಾದರೆ ರಷ್ಯನ್ನರಿಗೆ ವೀಸಾ ಕಡ್ಡಾಯ ಮಾಡಬೇಕು ಅಂತ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್ ಒತ್ತುತ್ತಲೇ ಇದೆ. ಇವತ್ತಲ್ಲ ನಾಳೆ ಆ ಬಾಗಿಲು ಕಿರಿದಾಗುತ್ತದೆ. ಆಗ 30 ದಿನದ ಮುದ್ರೆ ನಂಬಿದವರು ಹೊರಗೆ, ಕಾರ್ಡ್ ಮಾಡಿಸಿಕೊಂಡವರು ಒಳಗೆ. ಯುದ್ಧ ವಿರೋಧಿ ಗುಂಪುಗಳಲ್ಲಿದ್ದ ಕೆಲವು ರಷ್ಯನ್ನರಿಗೆ ‘ಭದ್ರತೆ’ಯ ಹೆಸರಲ್ಲಿ ಸರ್ಬಿಯಾ ತೊಂದರೆ ಕೊಟ್ಟದ್ದೂ ಇದೆ. ಅದನ್ನು ಮರೆಯಬಾರದು.

ಇನ್ನು ಯುರೋಪ್. ಇಲ್ಲಿ ಗೊಂದಲ ಬಹಳ. 2022ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ರಷ್ಯಾ ಜೊತೆಗಿದ್ದ ವೀಸಾ ಸಡಿಲಿಕೆ ಒಪ್ಪಂದವನ್ನು ಪೂರ್ತಿ ಅಮಾನತು ಮಾಡಿತು. 35 ಯೂರೋ ಇದ್ದ ಶುಲ್ಕ 80 ಆಯಿತು. ಬಾಲ್ಟಿಕ್ ದೇಶಗಳು, ಪೋಲೆಂಡ್, ಆಮೇಲೆ ಫಿನ್ಲೆಂಡ್ ರಷ್ಯನ್ ಪ್ರವಾಸಿಗಳಿಗೆ ಭೂಗಡಿ ಮುಚ್ಚಿದವು. 2025ರ ನವೆಂಬರ್‌ನಲ್ಲಿ ಹಲವು ಸಲ ಹೋಗಿಬರುವ ಷೆಂಗೆನ್ ವೀಸಾವನ್ನೂ ಕೆಲವು ವಿನಾಯಿತಿ ಬಿಟ್ಟು ನಿಲ್ಲಿಸಲಾಯಿತು. ಪ್ರತಿ ಪ್ರಯಾಣಕ್ಕೂ ಹೊಸ ಅರ್ಜಿ. ಇದನ್ನು ಓದಿದವರು ಯುರೋಪ್ ಮುಚ್ಚಿತು ಅಂದುಕೊಳ್ಳುತ್ತಾರೆ. ಆದರೆ ಷೆಂಗೆನ್ ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಕಡಿಮೆ ದಿನದ ವೀಸಾ, 180 ದಿನದಲ್ಲಿ 90. ಅದರ ನಿಯಮ ಎಲ್ಲ ದೇಶಗಳೂ ಸೇರಿ ಮಾಡುವಂಥದ್ದು. 90 ದಿನ ಮೀರಿ ಇರುವ ‘ಡಿ’ ವೀಸಾ ಮತ್ತು ರೆಸಿಡೆನ್ಸ್ ಪರ್ಮಿಟ್ ಆಯಾ ದೇಶದ ಕೈಯಲ್ಲಿವೆ. ಜೆಕ್ ಗಣರಾಜ್ಯ ರಷ್ಯನ್ನರಿಗೆ ಇವನ್ನೂ ಬಹುತೇಕ ನಿಲ್ಲಿಸಿದೆ. ಸ್ಪೇನ್, ಫ್ರಾನ್ಸ್, ಜರ್ಮನಿ, ಪೋರ್ಚುಗಲ್, ಇಟಲಿ ನಿಲ್ಲಿಸಿಲ್ಲ.

ಇವುಗಳಲ್ಲಿ ರಷ್ಯನ್ನರ ಕಣ್ಣು ಹೆಚ್ಚು ಬಿದ್ದದ್ದು ಸ್ಪೇನ್ ಮೇಲೆ. 2023ರ ಶುರುವಿನಿಂದ ಅಲ್ಲಿ ಡಿಜಿಟಲ್ ನೋಮ್ಯಾಡ್ ಪರ್ಮಿಟ್ ಇದೆ. ಸ್ಪೇನ್ ಹೊರಗಿನ ಕಂಪನಿಗೆ ದೂರದಿಂದ ಕೆಲಸ ಮಾಡುವವರಿಗೆ ಇದು. ಆದಾಯ ಅಲ್ಲಿನ ಕನಿಷ್ಠ ವೇತನದ ಎರಡರಷ್ಟು ಇರಬೇಕು. 2025ರ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 2,760 ಯೂರೋ. ಜೊತೆಗೆ ಬರುವ ಮೊದಲ ವ್ಯಕ್ತಿಗೆ ಕನಿಷ್ಠ ವೇತನದ ಶೇಕಡಾ 75, ಆಮೇಲೆ ಒಬ್ಬೊಬ್ಬರಿಗೆ ಶೇಕಡಾ 25 ಸೇರಿಸಿ ತೋರಿಸಬೇಕು. ಇದರ ವಿಶೇಷ ಏನೆಂದರೆ ಪ್ರವಾಸಿ ವೀಸಾದಲ್ಲಿ ಸ್ಪೇನ್‌ಗೆ ಹೋಗಿ, ಅಲ್ಲಿಂದಲೇ ಅರ್ಜಿ ಹಾಕಬಹುದು. ದೂತಾವಾಸದಲ್ಲಿ ಹಾಕಿದರೆ ಒಂದು ವರ್ಷದ ವೀಸಾ, ಒಳಗಿಂದ ಹಾಕಿದರೆ ಮೂರು ವರ್ಷದವರೆಗಿನ ಪರ್ಮಿಟ್. ಉತ್ತರವೂ ಸುಮಾರು 20 ಕೆಲಸದ ದಿನದಲ್ಲಿ ಬರಬೇಕು ಅಂತ ಕಾನೂನು. ಐದು ವರ್ಷದ ನಂತರ ದೀರ್ಘಾವಧಿ ವಾಸದ ಹಕ್ಕು ಕೇಳಬಹುದು. ಕಾಗದದ ಕೆಲಸ ಮಾತ್ರ ಕಡಿಮೆ ಇಲ್ಲ. ಅಪರಾಧ ದಾಖಲೆ ಇಲ್ಲ ಅನ್ನುವ ಪೊಲೀಸ್ ಪ್ರಮಾಣಪತ್ರ, ಪದವಿ ಅಥವಾ ಮೂರು ವರ್ಷದ ಕೆಲಸದ ಅನುಭವ, ಕಂಪನಿಯ ಪತ್ರ ಬೇಕು. ಇವಕ್ಕೆ ಸ್ಪ್ಯಾನಿಷ್ ಅನುವಾದ ಬೇಕು, ಸರ್ಕಾರಿ ಪತ್ರಗಳಿಗೆ ಬೇರೆ ದೇಶದಲ್ಲೂ ಒಪ್ಪುವಂತೆ ದೃಢೀಕರಿಸುವ ಅಪೊಸ್ಟಿಲ್ ಮುದ್ರೆಯೂ ಬೇಕು.

ಜರ್ಮನಿಯ ದಾರಿ ನಮ್ಮವರಿಗೆ ಗೊತ್ತಿರುವುದೇ. ಬರ್ಲಿನ್, ಮ್ಯೂನಿಕ್‌ನಲ್ಲಿರುವ ಕನ್ನಡದ ಟೆಕ್ಕಿಗಳು ಹಿಡಿದಿರುವ, ಒಳ್ಳೆಯ ಸಂಬಳದ ಕೆಲಸದ ಮೇಲೆ ಸಿಗುವ ಬ್ಲೂ ಕಾರ್ಡ್ ಎಂಬ ಪರ್ಮಿಟ್ಟನ್ನೇ ರಷ್ಯನ್ ಎಂಜಿನಿಯರ್‌ಗಳೂ ಹಿಡಿದಿದ್ದಾರೆ. 2025ರಲ್ಲಿ ವರ್ಷಕ್ಕೆ 48,300 ಯೂರೋ ಸಂಬಳ ಬೇಕಿತ್ತು, ಕೊರತೆ ಇರುವ ವೃತ್ತಿಗಳಿಗೆ ಇನ್ನೂ ಕಡಿಮೆ. ಜರ್ಮನ್ ಭಾಷೆ ಬಿ1 ಅನ್ನುವ ಮಧ್ಯಮ ಮಟ್ಟ ಮುಟ್ಟಿದರೆ 21 ತಿಂಗಳಿಗೇ ಕಾಯಂ ವಾಸದ ಹಕ್ಕು. 2024ರ ಜೂನ್‌ನಿಂದ ಐದು ವರ್ಷಕ್ಕೆ ಪೌರತ್ವವೂ ಸಾಧ್ಯ, ಹಳೆಯ ಪೌರತ್ವ ಬಿಡಬೇಕಿಲ್ಲ. ಕೆಲಸ ಇದ್ದವರಿಗೆ ಇದಕ್ಕಿಂತ ಗಟ್ಟಿ ದಾರಿ ಯುರೋಪಿನಲ್ಲಿ ಹೆಚ್ಚಿಲ್ಲ.

ಕೆಲಸ ಇಲ್ಲದ, ಆದರೆ ಪ್ರಾಣಕ್ಕೆ ಅಪಾಯ ಇರುವವರ ಗತಿ? ಜರ್ಮನಿಯ ವಾಸ ಕಾನೂನಿನ 22ನೇ ಕಲಮಿನಡಿ ಮಾನವೀಯ ವೀಸಾ ಕೊಡುತ್ತಿದ್ದರು. ಯುದ್ಧ ವಿರೋಧಿಸಿದ ಪತ್ರಕರ್ತರು, ವಕೀಲರು, ಹೋರಾಟಗಾರರು ಇದರಲ್ಲಿ ಬಂದರು. 2025ರ ಬೇಸಗೆಯಲ್ಲಿ ಹೊಸ ಸರ್ಕಾರ ಇಂಥ ಯೋಜನೆಗಳನ್ನು ತಡೆಹಿಡಿಯಿತು. ಇದು ದೊಡ್ಡ ತಪ್ಪು. ಹಣ ಇದ್ದವರಿಗೆ ದುಬೈ ಇದೆ, 20 ಲಕ್ಷ ದಿರ್ಹಂ ಬೆಲೆಯ ಆಸ್ತಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಇದೆ. ಕೌಶಲ ಇದ್ದವರಿಗೆ ಬ್ಲೂ ಕಾರ್ಡ್ ಇದೆ. ಯುದ್ಧ ಬೇಡ ಅಂತ ಬೀದಿಗೆ ಇಳಿದು ಹೇಳಿದವರಿಗೆ ಯಾವ ಹೆಸರಿನ ವೀಸಾವೂ ಇಲ್ಲ ಅಂದರೆ ಏನರ್ಥ? ರಷ್ಯಾದವರೇ ಪುಟಿನ್‌ಗೆ ಎದುರು ನಿಲ್ಲಲಿ ಅನ್ನುವ ಸರ್ಕಾರಗಳು, ಎದುರು ನಿಂತವರು ಬಂದಾಗ ಅವರ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುವುದು ಸರಿಯಲ್ಲ.

ಬ್ಯಾಂಕ್ ಅಂದಾಗ ಇನ್ನೊಂದು ಮುಖ್ಯ ವಿಷಯ. 2022ರ ಮಾರ್ಚ್‌ನಲ್ಲಿ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾದಿಂದ ಹೊರಬಂದವು. ರಷ್ಯನ್ ಬ್ಯಾಂಕು ಕೊಟ್ಟ ಈ ಕಂಪನಿಗಳ ಕಾರ್ಡು ಹೊರದೇಶದಲ್ಲಿ ಕೆಲಸ ಮಾಡುವುದಿಲ್ಲ. ಟರ್ಕಿಯ ಬ್ಯಾಂಕುಗಳು ರಷ್ಯಾದ ಸ್ವಂತ ‘ಮೀರ್’ ಕಾರ್ಡನ್ನೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೈಬಿಡತೊಡಗಿದವು. ಹಾಗಾಗಿ ವೀಸಾಕ್ಕೆ ಆದಾಯ ತೋರಿಸಬೇಕಾದರೆ ಮೊದಲು ಮೂರನೆಯ ದೇಶದಲ್ಲಿ ಖಾತೆ ಬೇಕು. ಖಾತೆ ತೆರೆಯಲು ಆ ದೇಶದ ಕಾಗದ ಬೇಕು. ಅನೇಕರು ಮೊದಲು ಅರ್ಮೇನಿಯಾಕ್ಕೋ ಸರ್ಬಿಯಾಕ್ಕೋ ಹೋಗಿ, ಅಲ್ಲಿ ಖಾತೆ ಮಾಡಿ, ಆರು ತಿಂಗಳು ವರ್ಷ ಸಂಬಳ ತೋರಿಸಿ, ಆಮೇಲೆ ಸ್ಪೇನ್‌ಗೆ ಅರ್ಜಿ ಹಾಕುವುದು ಇದೇ ಕಾರಣಕ್ಕೆ. ಯುರೋಪಿಯನ್ ನಿರ್ಬಂಧಗಳ ಪ್ರಕಾರ ರಷ್ಯನ್ ಪೌರರು ಅಲ್ಲಿನ ಬ್ಯಾಂಕಿನಲ್ಲಿ 1 ಲಕ್ಷ ಯೂರೋ ಮೀರಿ ಠೇವಣಿ ಇಡುವಂತಿಲ್ಲ. ಒಕ್ಕೂಟದ ಯಾವುದಾದರೂ ದೇಶದ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಈ ಮಿತಿ ಇಲ್ಲ. ಅದೇ ಮನುಷ್ಯ, ಅದೇ ದುಡ್ಡು. ಕಾರ್ಡ್ ಒಂದು ಬಂದರೆ ಬ್ಯಾಂಕಿನವರ ಮಾತೇ ಬೇರೆಯಾಗುತ್ತದೆ.

ಏಷ್ಯಾದ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ, ಅಲ್ಲಿ ಇರುವುದು ಹೆಚ್ಚಾಗಿ ದಿನಗಳ ಲೆಕ್ಕ. ಥಾಯ್ಲೆಂಡ್ 2024ರ ಜುಲೈಯಲ್ಲಿ ತಂದ ‘ಡಿಟಿವಿ’ ಐದು ವರ್ಷದ ವೀಸಾ, ಒಂದು ಸಲಕ್ಕೆ 180 ದಿನ. ಬ್ಯಾಂಕಿನಲ್ಲಿ 5 ಲಕ್ಷ ಬಾತ್ ತೋರಿಸಬೇಕು. ದೂರದಿಂದ ಕೆಲಸ ಮಾಡುವವರಿಗೆ, ಥಾಯ್ ಬಾಕ್ಸಿಂಗ್ ಅಥವಾ ಅಡುಗೆ ಕಲಿಯುವವರಿಗೂ ಕೊಡುತ್ತಾರೆ. ಫುಕೆಟ್‌ನ ರಷ್ಯನ್ನರಿಗೆ ಇದು ವರದಾನ. ಆದರೆ ಐದು ವರ್ಷ ಕಳೆದರೂ ಕಾಯಂ ವಾಸಕ್ಕೆ ಒಂದು ಹೆಜ್ಜೆಯೂ ಹತ್ತಿರ ಬಂದಿರುವುದಿಲ್ಲ. ದೂರದಿಂದ ಕೆಲಸ ಮಾಡುವವರ ವೀಸಾಕ್ಕೆ ಇಂಡೋನೇಷ್ಯಾ ವರ್ಷಕ್ಕೆ 60 ಸಾವಿರ ಡಾಲರ್ ಆದಾಯ ಕೇಳುತ್ತದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಶ್ರೀಲಂಕಾ ರಷ್ಯನ್ನರ ವೀಸಾ ವಿಸ್ತರಿಸುತ್ತಾ ಬಂತು. 2024ರ ಫೆಬ್ರವರಿಯಲ್ಲಿ, ಬಿಳಿಯರಿಗೆ ಮಾತ್ರ ಅಂತ ಕರೆದ ಒಂದು ಪಾರ್ಟಿ ಗಲಾಟೆಯಾದ ಹೊತ್ತಿನಲ್ಲಿ, ಎರಡು ವಾರದಲ್ಲಿ ಹೊರಡಿ ಅಂತ ನೋಟಿಸ್ ಬಂತು. ಆಮೇಲೆ ಅಧ್ಯಕ್ಷರ ಕಚೇರಿ ಆ ನೋಟಿಸಿನ ಮೇಲೆ ತನಿಖೆಗೆ ಆದೇಶಿಸಿತು. ಕೆಲವರ ವರ್ತನೆ ಎಲ್ಲರ ವೀಸಾಕ್ಕೆ ಹೇಗೆ ಕುತ್ತು ತರುತ್ತದೆ ನೋಡಿ.

ನಮ್ಮ ಪಕ್ಕದ ಗೋವಾ? ಮೋರ್ಜಿಂ, ಅರಂಬೋಲ್ ಕಡೆ ರಷ್ಯನ್ ಬೋರ್ಡುಗಳು ಹಳೆಯ ವಿಷಯ. ಅಲ್ಲಿಂದ ಗೋಕರ್ಣಕ್ಕೆ ಇಳಿದು ಬರುವವರೂ ಇದ್ದಾರೆ. ಆದರೆ ಭಾರತದಲ್ಲಿ ಡಿಜಿಟಲ್ ನೋಮ್ಯಾಡ್ ವೀಸಾ ಇಲ್ಲ. ವರ್ಷದ ಅಥವಾ ಐದು ವರ್ಷದ ಇ-ಟೂರಿಸ್ಟ್ ವೀಸಾ ಇದ್ದರೂ ರಷ್ಯನ್ನರು ಒಂದು ಸಲಕ್ಕೆ 90 ದಿನ ಮೀರಿ ಇರುವಂತಿಲ್ಲ. ಉದ್ಯೋಗ ವೀಸಾಕ್ಕೆ ಕೆಲವು ವಿನಾಯಿತಿ ಬಿಟ್ಟರೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಬೇಕು. 2025ರ ಡಿಸೆಂಬರ್‌ನಲ್ಲಿ ಪುಟಿನ್ ದೆಹಲಿಗೆ ಬಂದಾಗ ರಷ್ಯನ್ನರಿಗೆ 30 ದಿನದ ಉಚಿತ ಇ-ಟೂರಿಸ್ಟ್ ವೀಸಾ ಕೊಡುವುದಾಗಿ ಪ್ರಧಾನಿ ಮೋದಿ ಘೋಷಿಸಿದರು. ಅದು ರಜೆಗೆ ಬರುವವರಿಗೆ. ನೆಲೆ ಹುಡುಕುವವರಿಗೆ ಅದರಿಂದ ಉಪಯೋಗ ಇಲ್ಲ.

ಅರ್ಜೆಂಟೀನಾದ ದಾರಿ ಬೇರೆ ಥರ. ಅಲ್ಲಿನ ನೆಲದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ, ಅದರ ಮೂಲಕ ತಂದೆ ತಾಯಿಗೆ ವಾಸದ ಹಕ್ಕು. 2023ರ ಫೆಬ್ರವರಿಯಲ್ಲಿ ಒಂದೇ ವಿಮಾನದಲ್ಲಿ 33 ಗರ್ಭಿಣಿಯರು ಬ್ಯೂನಸ್ ಐರಿಸ್‌ಗೆ ಬಂದಿಳಿದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಒಂದು ವರ್ಷದಲ್ಲಿ ಇಂಥ ಹತ್ತು ಸಾವಿರಕ್ಕೂ ಹೆಚ್ಚು ರಷ್ಯನ್ ಮಹಿಳೆಯರು ಬಂದರು ಅಂತ ಅಲ್ಲಿನ ವಲಸೆ ಇಲಾಖೆಯ ಮುಖ್ಯಸ್ಥೆ ಹೇಳಿದ್ದರು. 2025ರ ಮೇ ತಿಂಗಳಲ್ಲಿ ಅಧ್ಯಕ್ಷ ಮಿಲೇ ಸರ್ಕಾರ ಪೌರತ್ವದ ನಿಯಮ ಬಿಗಿ ಮಾಡಿತು. ಎರಡು ವರ್ಷ ದೇಶ ಬಿಟ್ಟು ಕದಲದೆ ಅಲ್ಲೇ ಇದ್ದವರಿಗೆ ಮಾತ್ರ.

ಹತ್ತಿರದ ಆ ಮೂರು ದೇಶ ಬಿಟ್ಟರೆ ಇಷ್ಟೆಲ್ಲ ದಾರಿಗಳಿಗೂ ಬೇಕಾದದ್ದು ಒಂದೇ, ಚಾಲ್ತಿಯಲ್ಲಿರುವ ವಿದೇಶಿ ಪಾಸ್‌ಪೋರ್ಟ್. ರಷ್ಯಾ ಎರಡು ಬಗೆಯದನ್ನು ಕೊಡುತ್ತದೆ. ಚಿಪ್ ಇರುವ ಹತ್ತು ವರ್ಷದ್ದು, ಚಿಪ್ ಇಲ್ಲದ ಐದು ವರ್ಷದ್ದು. ಡೆನ್ಮಾರ್ಕ್, ಜೆಕ್ ಗಣರಾಜ್ಯದಂಥ ಹಲವು ಯುರೋಪಿಯನ್ ದೇಶಗಳು ಐದು ವರ್ಷದ್ದನ್ನು ಒಪ್ಪುವುದೇ ಇಲ್ಲ, ಈ ಪಟ್ಟಿ ಬೆಳೆಯುತ್ತಿದೆ. 2022ರಲ್ಲಿ ಅವಸರಕ್ಕೆ ಐದು ವರ್ಷದ್ದನ್ನು ಮಾಡಿಸಿಕೊಂಡು ಹೊರಟವರದು 2027ರಲ್ಲಿ ಮುಗಿಯುತ್ತದೆ. ಹೊಸದು ಬೇಕಾದರೆ ರಷ್ಯನ್ ದೂತಾವಾಸಕ್ಕೆ ಹೋಗಬೇಕು. ಜರ್ಮನಿ 2023ರಲ್ಲಿ ರಷ್ಯಾದ ಐದು ಕಾನ್ಸುಲೇಟ್‌ಗಳಲ್ಲಿ ನಾಲ್ಕನ್ನು ಮುಚ್ಚಿಸಿದೆ, ಉಳಿದಲ್ಲಿ ಸಾಲು ಉದ್ದ. ತಮ್ಮ ಮೇಲೆ ಮೊಕದ್ದಮೆ ಹಾಕಿದ ಸರ್ಕಾರದ ಕಿಟಕಿಯ ಮುಂದೆ ಹೋಗಿ ನಿಲ್ಲಲು ಎಷ್ಟೋ ಜನರಿಗೆ ಧೈರ್ಯ ಇಲ್ಲ. ಊರಿಗೆ ಹೋಗಿ ಮಾಡಿಸಿಕೊಳ್ಳೋಣ ಅಂದರೆ, 2023ರ ಏಪ್ರಿಲ್‌ನ ಕಾನೂನಿನಂತೆ ಸೇನಾ ಸಮನ್ಸ್ ಆನ್‌ಲೈನ್ ದಾಖಲೆಯಲ್ಲಿ ಬಿದ್ದರೆ ದೇಶ ಬಿಟ್ಟು ಹೊರಡುವಂತಿಲ್ಲ.

ಪಾಸ್‌ಪೋರ್ಟ್ ಸಿಗದ ವಿದೇಶಿಯರಿಗೆ ತಾನೇ ಪ್ರಯಾಣದ ದಾಖಲೆ ಕೊಡುವ ಅವಕಾಶ ಜರ್ಮನ್ ಕಾನೂನಿನಲ್ಲಿದೆ. ಆದರೆ ಸ್ವಂತ ದೇಶದ ದೂತಾವಾಸಕ್ಕೆ ಹೋಗುವುದು ತಮ್ಮಿಂದ ಯಾಕೆ ಆಗುವುದಿಲ್ಲ ಅನ್ನುವುದನ್ನು ಅರ್ಜಿದಾರರೇ ಒಬ್ಬೊಬ್ಬರಾಗಿ ಸಾಬೀತು ಮಾಡಬೇಕು. 2027 ಬರುವ ಮೊದಲು ಯುರೋಪಿನ ದೇಶಗಳು ಈ ಹೊರೆಯನ್ನು ಇಳಿಸಲೇಬೇಕು. ಇಲ್ಲದಿದ್ದರೆ ಕಾರ್ಡ್ ಇದ್ದೂ, ಕೆಲಸ ಇದ್ದೂ, ತೆರಿಗೆ ಕಟ್ಟುತ್ತಾ ಇದ್ದರೂ ಸಾವಿರಾರು ಜನರ ಪರ್ಮಿಟ್ ನವೀಕರಣ ಪಾಸ್‌ಪೋರ್ಟಿನ ಆ ಒಂದು ದಿನಾಂಕದ ಮುಂದೆ ನಿಂತುಬಿಡುತ್ತದೆ.